ಕೊನಗವಳ್ಳಿಯ ಮೇಷ್ಟ್ರು, ಜಾಹೀರಾತಿಲ್ಲದ ಪತ್ರಿಕೆ

ಭದ್ರಾವತಿಯ ಕಟಿಂಗ್ ಶಾಪ್‌ನಲ್ಲಿ ಸರದಿಗೆ ಕಾಯುವಾಗ ಕೈಗೆ ಸಿಗುತ್ತಿದ್ದ ಕಪ್ಪು-ಬಿಳುಪಿನ ‘ಲಂಕೇಶ್ ಪತ್ರಿಕೆ’ ನೆನಪಿದೆಯಾ? ಪತ್ರಿಕೋದ್ಯಮದ ಮೊದಲ ಪಾಠ ನಾವು ಓದಿದ್ದು ಅಲ್ಲೇ. ಡಿಪ್ಲೊಮಾ ಆಮೇಲಿನ ಮಾತು.

ಪಿ. ಲಂಕೇಶ್ ನಮ್ಮ ಶಿವಮೊಗ್ಗದ ಕೊನಗವಳ್ಳಿಯವರು. 1935ರ ಮಾರ್ಚ್ 8ರಂದು ರೈತರ ಮನೆಯಲ್ಲಿ ಹುಟ್ಟಿದರು. ಇಂಗ್ಲಿಷ್ ಮೇಷ್ಟ್ರಾದರು, ಕತೆ, ನಾಟಕ ಬರೆದರು. ‘ಸಂಸ್ಕಾರ’ ಸಿನಿಮಾದಲ್ಲಿ ಅಗ್ರಹಾರಕ್ಕೇ ಸವಾಲು ಹಾಕುವ ನಾರಣಪ್ಪ ಇವರೇ. ‘ಪಲ್ಲವಿ’ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ತಂದರು.

ಅಮೆರಿಕದಲ್ಲೂ ನಾರ್ಮನ್ ಮೈಲರ್ ಎಂಬ ಜಗಳಗಂಟ ಕಾದಂಬರಿಕಾರ ಇದ್ದ. 1955ರಲ್ಲಿ ಗೆಳೆಯರ ಜತೆ ‘ವಿಲೇಜ್ ವಾಯ್ಸ್’ ವಾರಪತ್ರಿಕೆ ಶುರು ಮಾಡಿದ, ಸಿನಿಮಾ ಮಾಡಿದ, ನ್ಯೂಯಾರ್ಕ್ ಮೇಯರ್ ಚುನಾವಣೆಗೂ ನಿಂತು ಸೋತ. ಆದರೆ ಪತ್ರಿಕೆಯಲ್ಲಿ ಅವನ ಅಂಕಣ ಬೇಗ ನಿಂತಿತು. ನಮ್ಮ ಮೇಷ್ಟ್ರು 1980ರ ಜುಲೈಯಲ್ಲಿ ಶುರು ಮಾಡಿದ ಪತ್ರಿಕೆಯನ್ನು 2000ದ ಜನವರಿ 25ರಂದು ತೀರಿಕೊಳ್ಳುವವರೆಗೂ ಬಿಡಲಿಲ್ಲ.

ಅದರಲ್ಲಿ ಜಾಹೀರಾತು ಇರಲಿಲ್ಲ. ಓದುಗರು ಕೊಟ್ಟ ದುಡ್ಡೇ ಆಧಾರ. ಹಾಗಾಗಿಯೇ ಗುಂಡೂರಾವ್ ಸರ್ಕಾರವನ್ನು ವಾರವಾರವೂ ತರಾಟೆಗೆ ತೆಗೆದುಕೊಳ್ಳಲು ಸಾಧ್ಯವಾಯಿತು. 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳಕೊಂಡಿತು. ಪತ್ರಿಕೆಯೊಂದೇ ಸೋಲಿಸಿತು ಅನ್ನೋದು ಉತ್ಪ್ರೇಕ್ಷೆ. ನರಗುಂದದ ರೈತರಿದ್ದರು, ಗೋಕಾಕ್ ಚಳವಳಿ ಇತ್ತು. ಅಡ್ಡಹೆಸರಿಟ್ಟು ಹೀಯಾಳಿಸುವ ಅದರ ಭಾಷೆಯೂ ನಮಗೆ ಪೂರ್ತಿ ಒಪ್ಪಿಗೆಯಿಲ್ಲ.

ಆದರೆ ಜಾಹೀರಾತಿನ ವಿಷಯ ನಮ್ಮನ್ನು ಚುಚ್ಚುತ್ತದೆ. ನಾವು ಸ್ಟ್ರಿಂಗರ್‌ಗಳು. ಸುದ್ದಿಗಿಷ್ಟು ಅಂತ ದುಡ್ಡು, ಹಬ್ಬ ಬಂದರೆ ಜಾಹೀರಾತಿನ ಟಾರ್ಗೆಟ್. ಒಮ್ಮೆ ಅಕ್ರಮ ಮರಳಿನ ಸುದ್ದಿ ಕಳಿಸಿದೆವು. ಬರಲಿಲ್ಲ. ಆ ವಾರ ಬಂದದ್ದು ಅದೇ ಮರಳಿನವರ ದೀಪಾವಳಿ ಶುಭಾಶಯ. ಅದನ್ನು ಕೇಳಿ ತಂದವರೂ ನಾವೇ.

ಇದೇ ಪತ್ರಿಕೆಯಲ್ಲಿ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿದ್ದರು, ನಮ್ಮ ಹಾಗೆ ಊರೂರು ಸುತ್ತಿ ಬರೆದವರು. ಎಂಟು ವರ್ಷದ ಹುಡುಗಿಯಾಗಿ ಅವರು ಕನ್ನಡ ಶಾಲೆಗೆ ಸೇರಿದ್ದು ಶಿವಮೊಗ್ಗದಲ್ಲಿ. ಆರು ತಿಂಗಳಲ್ಲಿ ಕನ್ನಡ ಓದು, ಬರಹ ಬಂದರಷ್ಟೇ ಉಳಿಸಿಕೊಳ್ಳುತ್ತೇವೆ ಅಂದಿದ್ದರಂತೆ. 2025ರಲ್ಲಿ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು.