ರವಿವರ್ಮರ ಸಮುದ್ರವೂ ತೈಲವರ್ಣದ ಶಿಕ್ಷಣವೂ

ಹಿರಿಯರ ಚಿತ್ರವೊಂದನ್ನು ಮುಂದಿಟ್ಟುಕೊಂಡು ಅದರಂತೆಯೇ ಬರೆದು ವಿದ್ಯೆಯನ್ನು ಸಾಧಿಸುವುದು ಹೀನಮಾರ್ಗವೆಂದು ಕೆಲವರು ಎಣಿಸುವರು. ನಕಲು ಮಾಡುವವನಿಗೆ ಸ್ವಂತ ಕಲ್ಪನೆಯಿಲ್ಲವೆಂಬುದು ಅವರ ಆಕ್ಷೇಪ. ತೈಲವರ್ಣ ಚಿತ್ರವು ದಕ್ಷಿಣ ದೇಶದಲ್ಲಿ ಬೇರೂರಿದ ಬಗೆಯನ್ನು ವಿಚಾರಿಸಿದರೆ ಈ ಆಕ್ಷೇಪವು ನಿಲ್ಲಲಾರದು.

1848ರಲ್ಲಿ ಕಿಳಿಮಾನೂರಿನಲ್ಲಿ ಜನಿಸಿದ ರಾಜಾ ರವಿವರ್ಮರು ಬಾಲ್ಯದಲ್ಲಿಯೇ ತಿರುವನಂತಪುರದ ಅರಮನೆಯ ಆಶ್ರಯವನ್ನು ಪಡೆದರು. ತೈಲವರ್ಣದ ಮರ್ಮವನ್ನು ಬಲ್ಲವರು ಅಲ್ಲಿ ಆಗ ವಿರಳವಾಗಿದ್ದರು. ಬಲ್ಲವರಾದ ರಾಮಸ್ವಾಮಿ ನಾಯ್ಕರು ಅದನ್ನು ಹೇಳಿಕೊಡಲು ಒಪ್ಪಲಿಲ್ಲವೆಂದು ಚರಿತ್ರಕಾರರು ಬರೆದಿರುವರು. 1868ರಲ್ಲಿ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರರು ಅರಮನೆಗೆ ಬಂದರು. ಅವರೂ ಪಾಠ ಹೇಳಲಿಲ್ಲ. ತಾವು ಬರೆಯುವಾಗ ಪಕ್ಕದಲ್ಲಿದ್ದು ನೋಡುವುದಕ್ಕೆ ಮಾತ್ರ ಅನುಮತಿಯನ್ನಿತ್ತರು. ಹೀಗೆ ಕಂಡು, ಕಂಡದ್ದನ್ನು ಮಾಡಿ ನೋಡಿ ಕಲಿತ ರವಿವರ್ಮರು 1873ರ ಮದರಾಸಿನ ಪ್ರದರ್ಶನದಲ್ಲಿ ಬಹುಮಾನವನ್ನು ಗಳಿಸಿದರು.

ಅವರ ಕೊನೆಯ ವರ್ಷಗಳ ದೊಡ್ಡ ಕಾರ್ಯವು ಮೈಸೂರಿಗೆ ಸಂಬಂಧಿಸಿದುದು. ನಾಲ್ವಡಿ ಕೃಷ್ಣರಾಜ ಒಡೆಯರವರು 1904ರಲ್ಲಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಅವರನ್ನು ಕೇಳಿಕೊಂಡರು. ನಿಸರ್ಗಚಿತ್ರಣದಲ್ಲಿ ನಿಪುಣರಾಗಿ, ಅಣ್ಣನ ಕೆಲಸಕ್ಕೆ ಬಲಗೈಯಂತಿದ್ದ ತಮ್ಮ ರಾಜರಾಜವರ್ಮರು 1905ರಲ್ಲಿ ತೀರಿಕೊಂಡರು. 1906ರ ಅಕ್ಟೋಬರ್ 2ರಂದು ರವಿವರ್ಮರೂ ಕಾಲವಶರಾದರು. ಈ ಮಾಲೆಗೆ ಸೇರಿದ, ಶ್ರೀರಾಮನು ಸಮುದ್ರರಾಜನ ಗರ್ವವನ್ನು ಮುರಿಯುವ ಚಿತ್ರವು ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ. ಬಂಡೆಯ ಮೇಲೆ ಧನುರ್ಧರನಾದ ರಾಮ. ಎದುರಿನಲ್ಲಿ ಉಕ್ಕಿ ಕೆರಳಿದ ಕಡಲು. ಅಲೆಗಳ ನಡುವಿನಿಂದ ಮೇಲೆದ್ದ ವರುಣ.

ಬೆಂಗಳೂರಿನ ಜಯನಗರ, ಬನಶಂಕರಿಗಳಲ್ಲಿ ಚಿತ್ರಕಲೆಯನ್ನು ಅಭ್ಯಸಿಸುವ ತರುಣರಿಗೆ ಕಡಲು ದೂರ. ಅವರ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಮೈಸೂರಾದರೋ ಸಮೀಪ. ಈ ಚಿತ್ರವನ್ನು ಕಣ್ತುಂಬ ನೋಡಿ, ಮನೆಯಲ್ಲಿ ಅದರ ಪ್ರತಿಯನ್ನು ಬರೆಯಲೆಳಸುವವರಿಗೆ ಬಣ್ಣದ ಸ್ವಭಾವವು ತಾನಾಗಿ ತಿಳಿಯಬರುವುದು. ಅಗಸೆಯೆಣ್ಣೆಯಲ್ಲಿ ಕಲಸಿದ ಬಣ್ಣವು ಬೇಗನೆ ಒಣಗದು; ಆದಕಾರಣ ಆಕಾಶದ ಕಪ್ಪನ್ನೂ ನೀರಿನ ಹಸುರನ್ನೂ ಸಾವಕಾಶವಾಗಿ ಒಂದರೊಳಗೊಂದು ಬೆರೆಸಬಹುದು. ಕೆಳಗಿನ ಲೇಪವು ತೆಳುವಾಗಿಯೂ ಮೇಲಿನದು ಹೆಚ್ಚು ಎಣ್ಣೆಯುಳ್ಳದ್ದಾಗಿಯೂ ಇರಬೇಕು. ಇದು ತಲೆಕೆಳಗಾದರೆ ಕಾಲಕ್ರಮದಲ್ಲಿ ಚಿತ್ರವು ಬಿರುಕುಬಿಡುವುದು. ಮೊದಲು ಆಗಸ, ಬಳಿಕ ದೂರದ ನೀರು, ಅನಂತರ ಅಲೆಯ ಒಡಲು, ಎಲ್ಲಕ್ಕೂ ಕಡೆಯಲ್ಲಿ ದಪ್ಪನೆಯ ಬಿಳಿಯಿಂದ ನೊರೆ.

ನಿಜವಾದ ಪರೀಕ್ಷೆಯು ಮನುಷ್ಯಾಕೃತಿಗಳಲ್ಲಿದೆ. ಅಲೆಯ ಮೇಲೆ ಯಾವ ಬೆಳಕು ಬಿದ್ದಿದೆಯೋ ಅದೇ ಬೆಳಕು ಭುಜದ ಮೇಲೂ ಬೀಳಬೇಕು. ಬೀಸುವ ಗಾಳಿಯು ಉಟ್ಟ ವಸ್ತ್ರವನ್ನೂ ಸೆಳೆಯಬೇಕು. ಇಲ್ಲವಾದರೆ ಆಕೃತಿಯು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ತೋರುವುದು. ಕೇವಲ ರೇಖೆಗಳನ್ನು ಎತ್ತಿಕೊಳ್ಳುವವನಿಗೆ ಇದು ಗೋಚರಿಸದು. ಪ್ರತಿಯೊಂದು ಬಣ್ಣವೂ ಅಲ್ಲಿ ಏಕೆ ಬಂದಿತೆಂದು ಪ್ರಶ್ನಿಸುವವನಿಗೆ ಮಾತ್ರ ನಕಲು ಪಾಠವಾಗುವುದು.

ಪ್ರತಿಯು ಪ್ರತಿಯೆಂದೇ ಕರೆಯಲ್ಪಡಬೇಕು. ಮೂಲಕಾರರ ಹೆಸರನ್ನು ಮರೆಸುವುದು ವಿದ್ಯೆಯಲ್ಲ, ವಂಚನೆ. ಕುಂಚವು ಪಳಗಿದ ಮೇಲೆ ಮಲ್ಪೆಗೋ ಉಳ್ಳಾಲಕ್ಕೋ ಹೋಗಿ ನಿಜವಾದ ತೆರೆಯನ್ನು ನೋಡತಕ್ಕದ್ದು. ರವಿವರ್ಮರ ಕಾಲದಲ್ಲಿ ಬಾಗಿಲ ಹಿಂದೆ ಬಚ್ಚಿಟ್ಟಿದ್ದ ವಿದ್ಯೆಯನ್ನು ಇಂದು ಚಿತ್ರಶಾಲೆಯ ಗೋಡೆಯ ಮೇಲೆ ಯಾರಾದರೂ ಓದಿಕೊಳ್ಳಬಹುದು.