ಅಳಿವೆಗೆ ಕಲ್ಲು ಹಾಕಿದ ಮೇಲೆ: ಉಳ್ಳಾಲದ ಕಡಲ್ಕೊರೆತದ ಕಥೆ

ಮಳೆಗಾಲ ಶುರುವಾದರೆ ಉಳ್ಳಾಲದ ಸುದ್ದಿ ಪೇಪರಿನಲ್ಲಿ ಬಂದೇ ಬರುತ್ತದೆ. ಬುಡಸಮೇತ ಕಡಲಿಗೆ ಬಿದ್ದ ತೆಂಗಿನಮರದ ಒಂದು ಫೋಟೊ, ಅರ್ಧ ಗೋಡೆ ಉಳಿದಿರುವ ಮನೆಯದ್ದು ಇನ್ನೊಂದು, ಕೊಡೆ ಹಿಡಿದು ನಿಂತ ಅಧಿಕಾರಿಗಳದ್ದು ಮತ್ತೊಂದು. ಕೆಳಗೆ ಒಂದು ಸಾಲು: ತುರ್ತಾಗಿ ಕಲ್ಲು ಹಾಕಲು ಸೂಚನೆ.

ಆದರೆ ಸುದ್ದಿಯಲ್ಲಿ ಬರುವ ಊರುಗಳ ಹೆಸರನ್ನು ಗಮನಿಸಿ. ಮೊದಲೆಲ್ಲ ಹೆಚ್ಚಾಗಿ ಕೇಳುತ್ತಿದ್ದದ್ದು ಕೋಟೆಪುರ, ಮೊಗವೀರಪಟ್ನ, ಮುಕ್ಕಚ್ಚೇರಿ. ಈಚಿನ ವರ್ಷಗಳಲ್ಲಿ ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿ. ಅಂದರೆ ಬಡಗಿನಿಂದ ತೆಂಕಿಗೆ, ತಲಪಾಡಿಯ ಗಡಿಯ ಕಡೆಗೆ ಕೊರೆತ ಸರಿಯುತ್ತಾ ಬಂದಿದೆ. ಕಡಲು ಮುನಿದಿದೆ ಎಂದು ಶೀರ್ಷಿಕೆ ಕೊಟ್ಟು ಮುಗಿಸಿದರೆ ಈ ದಿಕ್ಕು ಅರ್ಥವಾಗುವುದಿಲ್ಲ. ಅದಕ್ಕೆ ಅಳಿವೆಯಿಂದಲೇ ಶುರು ಮಾಡಬೇಕು.

ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನ ತೆಂಕಬದಿಯಲ್ಲಿ ಕೂಡಿ ಕಡಲಿಗೆ ಸೇರುತ್ತವೆ. ಅಳಿವೆಯ ಬಡಗು ಬದಿ ಬೆಂಗರೆ, ತೆಂಕು ಬದಿ ಉಳ್ಳಾಲ. ಎರಡೂ ನದಿ ಮತ್ತು ಕಡಲು ಸೇರಿ ಕಟ್ಟಿದ ಮರಳಿನ ನಾಲಗೆಗಳು. ಅಂಥ ನೆಲ ಎಂದೂ ಒಂದೇ ಕಡೆ ನಿಂತದ್ದಲ್ಲ. ಹಳೆಯ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಒಂದರಲ್ಲಿ ಮರಳು ಉದ್ದವಾಗಿದೆ, ಇನ್ನೊಂದರಲ್ಲಿ ಗಿಡ್ಡವಾಗಿದೆ, ಅಳಿವೆಯ ಬಾಗಿಲು ಅತ್ತಿತ್ತ ಸರಿದಿದೆ.

ಈ ಬಾಗಿಲಿನಿಂದಲೇ ಉಳ್ಳಾಲ ಬಂದರಾಯಿತು, ಚೌಟರ ರಾಜಧಾನಿಯಾಯಿತು, ಪೋರ್ಚುಗೀಸರ ಕಣ್ಣಿಗೂ ಬಿತ್ತು. ಕತ್ತಿ ಹಿಡಿದ ರಾಣಿ ಅಬ್ಬಕ್ಕನ ಪ್ರತಿಮೆ ಎಲ್ಲರಿಗೂ ಗೊತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ 1623ರಲ್ಲಿ ಇತ್ತ ಬಂದಾಗ ಉಳ್ಳಾಲದ ರಾಣಿಯನ್ನು ಕಂಡದ್ದು ಬೇರೆ ರೀತಿಯಲ್ಲಿ. ಆಕೆ ಬರಿಗಾಲಲ್ಲಿ ಹೊಲದ ಕಡೆ ಬಂದಿದ್ದಳು. ನೀರು ಹರಿಸಲು ತೋಡುತ್ತಿದ್ದ ಕಾಲುವೆಯ ಕೆಲಸ ನೋಡಿಕೊಳ್ಳಲು ಬಂದವಳು ಎಂದು ಆತ ಬರೆದಿದ್ದಾನೆ. ಊರಿನ ನೀರಿನ ಕೆಲಸಕ್ಕೆ ಸ್ವತಃ ಬಂದು ನಿಂತ ಈ ರಾಣಿಯದ್ದೂ ಒಂದು ಪ್ರತಿಮೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ. ಇರಲಿ.

ಈಗ ಮರಳಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ತೆರೆಗಳು ದಂಡೆಯ ಮರಳನ್ನು ಕೆದಕಿ ಒಯ್ಯುತ್ತವೆ. ಆ ಮರಳು ತೀರಾ ದೂರ ಹೋಗುವುದಿಲ್ಲ, ಸ್ವಲ್ಪ ಆಳದಲ್ಲಿ ದಿಬ್ಬವಾಗಿ ಕೂರುತ್ತದೆ. ಮಳೆ ಕಡಿಮೆಯಾಗಿ ಕಡಲು ತಣ್ಣಗಾದ ಮೇಲೆ ಸಣ್ಣ ತೆರೆಗಳು ಅದನ್ನೇ ಮೆಲ್ಲಗೆ ದಂಡೆಗೆ ತಂದು ಹಾಕುತ್ತವೆ. ಕಡಲು ಕೊಂಡುಹೋದದ್ದನ್ನು ಹಿಂದೆ ಕೊಡುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಈ ಹೋಗಿಬರುವಿಕೆಯ ಜೊತೆಗೆ ದಂಡೆಯ ಉದ್ದಕ್ಕೂ ಮರಳು ಹರಿಯುತ್ತದೆ, ನೆರೆಯಲ್ಲಿ ನದಿ ಹೊಸ ಮರಳು ತರುತ್ತದೆ. ಈ ಮೂರೂ ಸರಿಯಾಗಿ ನಡೆದರೆ ದಂಡೆ ಉಳಿಯುತ್ತದೆ. ಒಂದನ್ನು ತಡೆದರೆ ಬ್ಯಾಂಕಿನಲ್ಲಿ ಜಮೆ ನಿಂತು ಖರ್ಚು ಮಾತ್ರ ಮುಂದುವರಿದ ಹಾಗೆ.

ತಡೆ ಬಿದ್ದದ್ದು ಒಂದೇ ಕಡೆ ಅಲ್ಲ. ನದಿಯಲ್ಲಿ ಮರಳುಗಾರಿಕೆ ಹೆಚ್ಚಿತು. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟು ಬಂತು, ಆಮೇಲೆ ಎತ್ತರವಾಯಿತು. ಉಳ್ಳಾಲಕ್ಕೆ ಎಲ್ಲಕ್ಕಿಂತ ಹತ್ತಿರದ ಬದಲಾವಣೆ ಮಾತ್ರ ಅಳಿವೆಯಲ್ಲೇ ಆಯಿತು. 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು.

ಇದನ್ನು ಯಾರೋ ಮೇಲಿಂದ ಹೇರಿದ ಯೋಜನೆ ಎಂದು ಬರೆದರೆ ತಪ್ಪಾಗುತ್ತದೆ. ಅಳಿವೆಯಲ್ಲಿ ಹೂಳು ತುಂಬಿ, ತೆರೆ ಮುರಿಯುವ ಜಾಗದಲ್ಲಿ ದೋಣಿ ಮಗುಚಿ ಜೀವ ಹೋಗುವುದು ಮೀನುಗಾರರ ನಿಜವಾದ ಕಷ್ಟ. ಬಂದರಿನ ಧಕ್ಕೆಗೆ ಬರುವ ನೂರಾರು ದೋಣಿಗಳಿಗೆ ಇದೇ ದಾರಿ. ಬಾಗಿಲು ಒಂದೇ ಕಡೆ ನಿಲ್ಲಬೇಕು ಎಂಬ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ಬಾಗಿಲು ನಿಂತದ್ದರಿಂದ ದಂಡೆಯ ಉದ್ದಕ್ಕೆ ಹರಿಯುತ್ತಿದ್ದ ಮರಳಿನ ದಾರಿಯೂ ಕೆಟ್ಟಿತು. ತೆಂಕಬದಿಯ ಉಳ್ಳಾಲದ ದಂಡೆಯಲ್ಲಿ ಹೋದ ಮರಳು ಮೊದಲಿನಷ್ಟು ತಿರುಗಿ ಬರಲಿಲ್ಲ.

ಮರಳು ಬಾರದಿದ್ದಾಗ ಕಲ್ಲು ಬಂತು. ಗುಡ್ಡದ ಕೋರೆಯಿಂದ ಲಾರಿಯಲ್ಲಿ ಕರಿಕಲ್ಲು ತಂದು ಮನೆಗಳ ಎದುರು ಸುರಿದರು. ಮನೆ ಬೀಳುತ್ತಿರುವವರಿಗೆ ಆ ಹೊತ್ತಿಗೆ ಬೇರೆ ಏನು ಬೇಕು? ಕಲ್ಲೇ ಬೇಕು. ಆದರೆ ಕಲ್ಲಿನ ಗೋಡೆಗೆ ಬಡಿದ ತೆರೆ ಸುಮ್ಮನೆ ಹಿಂದೆ ಹೋಗುವುದಿಲ್ಲ, ಗೋಡೆಯ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಕಲ್ಲು ಕುಸಿಯುತ್ತದೆ, ಮರುವರ್ಷ ಮತ್ತೆ ಕಲ್ಲು. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗಿನ ಮನೆಗೆ ಪೆಟ್ಟು ಜೋರು. ಹಾಗಾಗಿ ಆ ಮನೆಯವರೂ ಕಲ್ಲು ಕೇಳುತ್ತಾರೆ. ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿಯ ಹೆಸರುಗಳು ಪೇಪರಿಗೆ ಬಂದ ಬಗೆ ಇದು.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆ ಬಂದಾಗ ಬೇರೆ ದಾರಿಯ ಪ್ರಯತ್ನ ನಡೆಯಿತು. ಬ್ಯಾಂಕ್ 2010ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಕರಾವಳಿಗೆಂದು ಒಪ್ಪಿದ ಯೋಜನೆಯಲ್ಲಿ ಉಳ್ಳಾಲ ಮೊದಲ ಹಂತದಲ್ಲೇ ಸೇರಿತ್ತು. ದಂಡೆಗೆ ಗೋಡೆ ಕಟ್ಟುವ ಬದಲು ತೆರೆಯನ್ನು ಕಡಲಲ್ಲೇ ಮುರಿಯಬೇಕು, ಅದರ ಹಿಂದೆ ಮರಳು ನಿಲ್ಲಬೇಕು ಎಂಬ ಲೆಕ್ಕದಲ್ಲಿ ನೀರಿನಡಿಯ ದಿಬ್ಬಗಳು ಮತ್ತು ದಂಡೆಯ ಹತ್ತಿರದ ಸಣ್ಣ ಕಲ್ಲುಕಟ್ಟೆಗಳನ್ನು ಮಾಡಿದರು, ಅಳಿವೆಯ ಬ್ರೇಕ್‌ವಾಟರನ್ನೂ ಸರಿಪಡಿಸಿದರು. ಒಂದು ಊರಿನ ಎದುರು ತೆರೆ ಮುರಿದರೆ ಅದರ ಬಗಲಿನ ಊರಿನ ಗತಿ ಏನು ಎಂಬ ಪ್ರಶ್ನೆಗೆ ಇಷ್ಟರಿಂದ ಉತ್ತರ ಸಿಗಲಿಲ್ಲ. ನದಿಯಿಂದ ನದಿಗೆ ಇಡೀ ದಂಡೆಯನ್ನು ಒಂದು ಎಂದು ತಿಳಿದು ಲೆಕ್ಕ ಹಾಕದೆ, ನಗರಸಭೆಯ ಗಡಿ, ಪಂಚಾಯತಿನ ಗಡಿ, ವರ್ಷದ ಅನುದಾನ ಎಂದು ತುಂಡು ಮಾಡಿದ್ದೇ ದೊಡ್ಡ ತೊಂದರೆ ಎಂಬುದು ನನ್ನ ಅಭಿಪ್ರಾಯ. ಮರಳಿಗೆ ವಾರ್ಡ್ ನಂಬರ್ ಗೊತ್ತಿಲ್ಲ.

ಕಡಲಂಚಿನ ಮನೆಗೆ ಇನ್ನೊಂದು ಸಂಕಟವೂ ಇದೆ. ಕಡಲು ಹತ್ತಿರ ಬರುತ್ತಿರುವಾಗ ಸರ್ಕಾರದ ಗೆರೆಯೂ ಬಂತು.

1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಕಾಗದ ಬರೆದು, ಭರತ ರೇಖೆಯಿಂದ 500 ಮೀಟರ್‌ವರೆಗಿನ ದಂಡೆಯನ್ನು ಕಟ್ಟಡಗಳಿಂದ ಕಾಪಾಡಿ ಎಂದಿದ್ದರು. ಹತ್ತು ವರ್ಷದ ನಂತರ, 1991ರ ಫೆಬ್ರವರಿ 19ರಂದು ಅದು ಕಾನೂನಾಯಿತು. ಜನ ಸಿಆರ್‌ಝಡ್ ಎನ್ನುವುದು ಇದಕ್ಕೇ. ಹಳ್ಳಿ ಪ್ರದೇಶವಾದರೆ ಭರತ ರೇಖೆಯಿಂದ 200 ಮೀಟರ್ ಒಳಗೆ ಹೊಸ ಮನೆ ಇಲ್ಲ, ಮೊದಲೇ ಅನುಮತಿ ಇದ್ದ ಮನೆಯನ್ನು ಅದೇ ಅಡಿಪಾಯದ ಅಳತೆಯಲ್ಲಿ ರಿಪೇರಿ ಮಾಡಬಹುದು. ಪೇಟೆ ಪ್ರದೇಶವಾದರೆ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ ಕಟ್ಟಬಹುದು. ಒಂದೇ ದಂಡೆ, ಒಂದೇ ಕಸುಬು, ಆದರೆ ಗಡಿಕಲ್ಲಿನ ಆಚೆಗೊಂದು ನಿಯಮ, ಈಚೆಗೊಂದು. ಹೋಟೆಲು, ರೆಸಾರ್ಟುಗಳನ್ನು ತಡೆಯಲು ಈ ಕಾನೂನು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆಮಾರುಗಳಿಂದ ದಂಡೆಯಲ್ಲಿದ್ದು ಕೈಯಲ್ಲಿ ಕಾಗದವಿಲ್ಲದ ಮೀನುಗಾರರಿಗೂ ಅದೇ ಗೆರೆ ತಾಗಿತು. ಮಗನ ಮದುವೆಯಾಯಿತು, ಒಂದು ಕೋಣೆ ಹೆಚ್ಚು ಬೇಕು ಎಂದರೆ ಲೈಸೆನ್ಸ್ ಇಲ್ಲ.

ಇಪ್ಪತ್ತಕ್ಕೂ ಹೆಚ್ಚು ತಿದ್ದುಪಡಿಗಳ ನಂತರ 2011ರಲ್ಲಿ ಹೊಸ ಅಧಿಸೂಚನೆ ಬಂತು. 100ರಿಂದ 200 ಮೀಟರ್ ನಡುವೆ ಮೀನುಗಾರರ ಮನೆಗೆ ಅವಕಾಶ ಸಿಕ್ಕಿತು. 2019ರಲ್ಲಿ ಮತ್ತೊಂದು ಬಂತು: 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿ ಪ್ರದೇಶದಲ್ಲಿ 200 ಮೀಟರ್ ಹೋಗಿ 50 ಮೀಟರ್ ಆಯಿತು. ಮನೆಗೆ ಅನುಮತಿ ಬೇಕಿದ್ದವರಿಗೆ ಇದು ಅನುಕೂಲ. ಆದರೆ ಅದೇ 50 ಮೀಟರ್ ದೊಡ್ಡ ಕಟ್ಟಡದವರಿಗೂ ಅನುಕೂಲ. ಇನ್ನೊಂದು ವಿಷಯ, ಗೆರೆ ಅಳೆಯುವುದು ಭರತ ರೇಖೆಯಿಂದ, ಕೊರೆತ ಇರುವಲ್ಲಿ ಭರತದ ನೀರು ವರ್ಷ ವರ್ಷ ಒಳಗೆ ಬರುತ್ತದೆ. ನಕ್ಷೆಯಲ್ಲಿ ಆಚೆಗಿರುವ ಮನೆ ಮಳೆಗಾಲದಲ್ಲಿ ಈಚೆಗೆ ಬಂದಿರುತ್ತದೆ.

ಈ ನಕ್ಷೆಯ ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಬೇಕು ಎಂಬ ನಿಯಮವಿದೆ. ದೋಣಿ ನಿಲ್ಲಿಸುವ ಜಾಗ, ಮೀನು ಒಣಗಿಸುವ ಜಾಗ ಅದರಲ್ಲಿ ಇದೆಯೇ ಎಂದು ಆಗಲೇ ನೋಡಿಕೊಳ್ಳಬೇಕು.

ಮನೆ ಹೋದ ಮೇಲೆ ಪರಿಹಾರದ ಮಾತು. ವಿಪತ್ತು ನಿಧಿಯಿಂದ ಹಣ ಕೊಡಲು ಕೇಂದ್ರ ಗುರುತಿಸಿದ 12 ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಇದೆ, ನೆರೆ ಇದೆ, ಸುನಾಮಿ ಇದೆ, ಕಡಲ್ಕೊರೆತ ಇಲ್ಲ. ಒಂದೇ ರಾತ್ರಿ ಮನೆ ಬಿದ್ದರೆ ವಿಪತ್ತು, ಹತ್ತು ಮಳೆಗಾಲದಲ್ಲಿ ಬಿದ್ದರೆ ಅಲ್ಲ ಎಂಬಂತಾಯಿತು. ತಲಪಾಡಿ ದಾಟಿದರೆ ಸಿಗುವ ಕೇರಳ, ಕಡಲ್ಕೊರೆತವನ್ನು ರಾಜ್ಯದ ವಿಶೇಷ ವಿಪತ್ತು ಎಂದು ಸಾರಿದೆ. 'ಪುನರ್‌ಗೇಹಂ' ಎಂಬ ಯೋಜನೆ ಮಾಡಿ, ದಂಡೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬ ಬೇರೆಡೆ ಹೋಗುವುದಾದರೆ ಜಾಗಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಎಂದಿತು. 2021ರಿಂದ 2026ರವರೆಗಿನ ಅವಧಿಗೆ ವರದಿ ಕೊಟ್ಟ 15ನೇ ಹಣಕಾಸು ಆಯೋಗವೂ ಮೊದಲ ಬಾರಿಗೆ ಕೊರೆತವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತಂದು, ನದಿ ಮತ್ತು ಕಡಲಿನ ಕೊರೆತ ತಡೆಯಲು ದೇಶಕ್ಕೆ 1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು.

10 ಲಕ್ಷಕ್ಕೆ ದಂಡೆಯ ಹತ್ತಿರ ಜಾಗ ಸಿಗುವುದು ಕಷ್ಟ, ಕೇರಳದವರೂ ಅದನ್ನೇ ಹೇಳುತ್ತಾರೆ. ನಾಲ್ಕೈದು ಕಿಲೋಮೀಟರ್ ಒಳಗೆ ಸೈಟು ಕೊಟ್ಟರೆ ದೋಣಿ ಎಲ್ಲಿಡುವುದು, ಬಲೆ ಯಾರು ಕಾಯುವುದು? ಬೆಳಗಿನ ಜಾವ ಕಡಲಿನ ಬಣ್ಣ, ಗಾಳಿಯ ದಿಕ್ಕು ನೋಡಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಅಂಗಳದಿಂದ ಕಡಲು ಕಾಣಬೇಕು. ಹೋಗುವುದಿಲ್ಲ ಎನ್ನುವವರನ್ನು ಹಟಮಾರಿಗಳು ಎಂದು ಬರೆಯುವ ಮೊದಲು ವರದಿಗಾರರು ಇಷ್ಟು ಕೇಳಿಕೊಳ್ಳಬೇಕು.

ಇನ್ನು ಹೋಗಲು ಒಪ್ಪಿದವರ ಕಷ್ಟ ಬೇರೆ. ಪರಿಹಾರಕ್ಕೆ ಪಹಣಿ ತನ್ನಿ ಎನ್ನುತ್ತಾರೆ. ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಸೆಂಟ್ಸ್ ಲೆಕ್ಕವೂ ಇರುತ್ತದೆ. ಅಳೆಯಲು ಬಂದವರಿಗೆ ತೋರಿಸಬೇಕಾದ ಜಾಗ ಮಾತ್ರ ತೆರೆ ಮುರಿಯುವಲ್ಲಿಂದ ಆಚೆಗಿರುತ್ತದೆ.