ಟ್ಯಾಂಕಿನ ಹೆಸರೂ ಚಾಸಿಸ್ಸಿನ ಅಂಕಿಯೂ

ಪ್ರಾಗ್ ನಗರದಲ್ಲಿ 1929ರಲ್ಲಿ ಯಾನೆಚೆಕ್ (Janeček) ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನು ಅದರ ಹೆಸರಿನವುಗಳೊಡನೆ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟಾಗ, ಆ ಶಬ್ದವು ಮುಂದೊಂದು ದಿನ ಮೈಸೂರಿಗರ ಮನೆಮಾತಾದೀತೆಂದು ಯಾರೂ ಊಹಿಸಿರಲಾರರು. 1960ರಲ್ಲಿ ಇರಾನಿ ಮನೆತನದವರು ಸ್ಥಾಪಿಸಿದ ಐಡಿಯಲ್ ಜಾವಾ ಸಂಸ್ಥೆಯ ಕಾರ್ಖಾನೆಯು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ, ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿತು. 1973ರಲ್ಲಿ, ರಾಜ್ಯವು ಕರ್ನಾಟಕವೆಂಬ ನಾಮವನ್ನು ಧರಿಸಿದ ವರ್ಷದಲ್ಲಿಯೇ, ಅಲ್ಲಿಯ ಗಾಡಿಗಳು ‘ಯೆಜ್ಡಿ’ ಎಂಬ ಹೆಸರನ್ನು ಪಡೆದುವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಹಳೆಯ ಜಾವಾಗಳಲ್ಲಿ ಮೂಲ ಯಾವುದು, ಪ್ರತಿಕೃತಿ ಯಾವುದು ಎಂಬ ಪ್ರಶ್ನೆಯ ಬೇರು ಈ ಇತಿಹಾಸದಲ್ಲಿಯೇ ಇದೆ. ಜಾವಾ ಯೆಜ್ಡಿಗಳೆರಡೂ ಒಂದೇ ವಂಶದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಗೇರೂ ತಾನೇ ಆಗಿ ಕಿಕ್ಕರೂ ತಾನೇ ಆಗುವ ಒಂದೇ ಸನ್ನೆ, ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯ ನೀಲಿ ಹೊಗೆ, ಇವೆಲ್ಲ ಎರಡಕ್ಕೂ ಸಮಾನ. ಆದುದರಿಂದ ಕಾರ್ಖಾನೆಯು ಮುಚ್ಚಿ, ಬಿಡಿಭಾಗಗಳು ದುರ್ಲಭವಾಗಿ, ಹಳೆಯ ಜಾವಾಕ್ಕೆ ಬೆಲೆಯೇರಿದ ಮೇಲೆ, ಯೆಜ್ಡಿಯೊಂದಕ್ಕೆ ಕೆಂಗಂದು ಬಣ್ಣ ಬಳಿದು, ಪಕ್ಕಗಳಲ್ಲಿ ಕ್ರೋಮ್ ಹೊಳೆಯುವ ಹೊಸ ಟ್ಯಾಂಕನ್ನೇರಿಸಿ, ಜಾವಾ ಎಂದು ಮಾರುವುದು ಕಷ್ಟವಾಗಲಿಲ್ಲ.

ಆದರೆ ಕಬ್ಬಿಣವು ಸುಲಭವಾಗಿ ಸುಳ್ಳಾಡದು. ಹ್ಯಾಂಡಲು ಕೂರುವ ಕತ್ತಿನ ಬಳಿ ಚಾಸಿಸ್ಸಿನ ಅಂಕಿಗಳಿರುತ್ತವೆ. ಬಲ್ಲ ಮೆಕ್ಯಾನಿಕ್ಕನು ಬೇರಾವುದನ್ನೂ ನೋಡುವ ಮುನ್ನ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಲ್ಲಿಯ ಮಸಿಯನ್ನು ಒರೆಸಿ, ಬೆರಳ ತುದಿಯನ್ನು ಮೆಲ್ಲನೆ ಆಡಿಸುತ್ತಾನೆ. ಅಚ್ಚು ಒಂದೇ ಆಳದಲ್ಲಿ ಇಳಿದು, ಸುತ್ತಣ ಲೋಹವು ಸಮವಾಗಿದ್ದರೆ ಅವನ ಮುಖ ಅರಳುತ್ತದೆ. ಅರ ಹಾಕಿ ತಿಕ್ಕಿದ ತಗ್ಗೋ, ಸಾಲು ತಪ್ಪಿ ಬಾಗಿದ ಒಂದು ಏಳೋ ಕೈಗೆ ಸಿಕ್ಕಿದರೆ, ಮೇಲಣ ಬಣ್ಣವೆಷ್ಟು ಮನೋಹರವಾಗಿದ್ದರೂ ಆತನು ಎದ್ದು ಕೈ ಒರೆಸಿಕೊಳ್ಳುತ್ತಾನೆ. ಆ ಅಂಕಿಯೂ ಇಂಜಿನ್ನಿನ ಅಂಕಿಯೂ ಆರ್‌ಸಿ ಪುಸ್ತಕದಲ್ಲಿ ಬರೆದವುಗಳೊಡನೆ ಕೂಡಬೇಕು. ಪುಸ್ತಕದಲ್ಲಿ ತಯಾರಿಕೆಯ ವರ್ಷ 1980 ಎಂದಿದ್ದು ಟ್ಯಾಂಕಿನ ಮೇಲೆ ಜಾವಾ ಎಂದಿದ್ದರೆ, ಕಾಲಗಣನೆಯೇ ಸಾಕ್ಷಿ.

ದೀಪದ ಗೂಡನ್ನೂ ಗಮನಿಸಬೇಕು. ಹಳೆಯ ಜಾವಾದಲ್ಲಿ ದೀಪವೂ ವೇಗಮಾಪಕವೂ ಫೋರ್ಕಿನ ತಲೆಯನ್ನು ಮುಚ್ಚುವ ಒಂದೇ ತಗಡಿನ ಗೂಡಿನಲ್ಲಿ ಅಡಗಿರುತ್ತವೆ. ರೋಡ್‌ಕಿಂಗ್‌ನಂತಹ ಯೆಜ್ಡಿಗಳಲ್ಲಿ ದೀಪವು ಪ್ರತ್ಯೇಕ.

ಹಾಗೆಂದು ಮಡ್‌ಗಾರ್ಡು ಬದಲಾದ ಮಾತ್ರಕ್ಕೆ ಗಾಡಿಯು ನಕಲಾಗದೆಂಬುದೇ ನನ್ನ ನಿಶ್ಚಿತಾಭಿಪ್ರಾಯ. ಐವತ್ತು ವರ್ಷ ಓಡಿದ ಯಂತ್ರಕ್ಕೆ ಹೊಸ ಪಿಸ್ಟನ್ನೂ ರಬ್ಬರೂ ಬೇಕೇ ಬೇಕು; ಪ್ರತಿಕೃತಿಯೆಂದೇ ಹೇಳಿ ಪ್ರೀತಿಯಿಂದ ಕಟ್ಟಿದ ಗಾಡಿಯಲ್ಲಿಯೂ ದೋಷವಿಲ್ಲ. ದೋಷವಿರುವುದು ಅಂಕಿಯನ್ನು ಅಳಿಸುವುದರಲ್ಲಿ, ಏಕೆಂದರೆ ಮೈಸೂರಿನ ಕೆಲಸಗಾರನೊಬ್ಬನ ಕೈಯ ಗುರುತು ಅದರೊಡನೆಯೇ ಅಳಿಯುತ್ತದೆ. ಮನೆಯಲ್ಲಿ ಹಳೆಯ ಜಾವಾ ಇರುವವರು ಬಣ್ಣ ಹಾಕಿಸುವ ಮುನ್ನ ಆ ಅಂಕಿಗಳ ಚಿತ್ರವನ್ನು ತೆಗೆದಿಡಲಿ. ಕಳಚಿದ ತಗಡನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಲಿ.